ಅಚ್ಚಿನ ಚಿತ್ರದ ಬೆಲೆ ಮತ್ತು ಬಾಳಿಕೆ

ಅಚ್ಚಿನ ಚಿತ್ರವಿಲ್ಲದ ಕನ್ನಡಿಗರ ಮನೆ ಮುಂಬಯಿಯಲ್ಲಿ ಸಿಗುವುದು ಕಷ್ಟ. ದೇವರ ಗೂಡಿನ ಲಕ್ಷ್ಮಿ, ಸರಸ್ವತಿಯರ ಚಿತ್ರಗಳ ಮೂಲವನ್ನು ಹುಡುಕುತ್ತ ಹೋದರೆ ಇದೇ ಊರಿನ ಗಿರಗಾಂವಿಗೆ ಬಂದು ನಿಲ್ಲಬೇಕಾಗುತ್ತದೆ. ರಾಜಾ ರವಿವರ್ಮ ತಮ್ಮ ಅಚ್ಚುಕೂಟವನ್ನು ಆರಂಭಿಸಿದ್ದು ಅಲ್ಲಿ, ೧೮೯೪ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು; ಕೈಬದಲಾಯಿಸಿತು; ೧೯೭೨ರಲ್ಲಿ ಬೆಂಕಿಗೆ ತುತ್ತಾಯಿತು. ಆದರೆ ಅಲ್ಲಿಂದ ಹೊರಟ ಚಿತ್ರಗಳು ಧಾರವಾಡ, ಮೈಸೂರು, ಮಂಗಳೂರುಗಳ ಮನೆಮನೆಗೂ ತಲುಪಿ, ಬಡವನಿಗೂ ಗೋಡೆಯ ಮೇಲೊಂದು ಚಿತ್ರ ಇರಬಹುದೆಂಬುದನ್ನು ತೋರಿಸಿಕೊಟ್ಟವು.

ಈ ಉಪಕಾರದ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ನಮ್ಮಲ್ಲಿ ಬೇರೂರಿತು. ರವಿವರ್ಮ ಮೊದಲು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಕುಶಲಿಗರು ಅದನ್ನು ಬಣ್ಣಕ್ಕೊಂದರಂತೆ ಕಲ್ಲುಗಳ ಮೇಲೆ ಇಳಿಸಿ ಅಚ್ಚು ಹಾಕುತ್ತಿದ್ದರು. ಮೂಲ ಒಂದು ಕಡೆ, ಅಚ್ಚು ಇನ್ನೊಂದು ಕಡೆ. ಹೀಗಾಗಿ ‘ಅಚ್ಚು ಎಂದರೆ ನಕಲು’ ಎಂಬ ಭಾವನೆ ನಮ್ಮಲ್ಲಿ ನೆಲೆನಿಂತಿದೆ. ಕ್ಯಾಲೆಂಡರಿನ ತಿಂಗಳು ಮುಗಿದರೆ ಹಾಳೆ ಹರಿಯುತ್ತೇವೆ. ಗೋಡೆಯ ಚಿತ್ರ ಹಳದಿಯಾದರೆ ರದ್ದಿಯವನಿಗೆ ಹಾಕುತ್ತೇವೆ.

ಆದರೆ ಅಚ್ಚಿನ ಚಿತ್ರಗಳಲ್ಲಿ ಇನ್ನೊಂದು ಜಾತಿಯಿದೆ. ಅದರಲ್ಲಿ ಕಲಾವಿದನೇ ಮರವನ್ನೋ ಲಿನೋಲಿಯಂ ಹಾಳೆಯನ್ನೋ ತಾಮ್ರದ ತಗಡನ್ನೋ ಕೊರೆದು, ಮಸಿ ಸವರಿ, ಕಾಗದದ ಮೇಲೆ ಒತ್ತಿ ತೆಗೆಯುತ್ತಾನೆ. ಅದಕ್ಕೆ ಬೇರೆ ‘ಮೂಲಚಿತ್ರ’ ಎಂಬುದಿಲ್ಲ. ಕೊರೆದ ಹಲಗೆಯಲ್ಲಿ ಚಿತ್ರ ತಲೆಕೆಳಗಲ್ಲದಿದ್ದರೂ ಎಡಬಲ ತಿರುಗಿರುತ್ತದೆ. ಕಾಗದದ ಮೇಲೆ ಬಿದ್ದಾಗಲೇ ಅದು ಕಲಾವಿದನ ಮನಸ್ಸಿನಲ್ಲಿದ್ದ ಚಿತ್ರವಾಗುವುದು. ಐವತ್ತು ಹಾಳೆ ತೆಗೆದರೆ ಐವತ್ತೂ ಮೂಲವೇ. ಅಗ್ಗದಲ್ಲಿ ಕೊಡಬಹುದು, ಹತ್ತು ಜನರ ಮನೆಯಲ್ಲಿರಬಹುದು, ಆದರೂ ಅದು ನಕಲಲ್ಲ. ಇಂತಹ ಚಿತ್ರವನ್ನು ಗುರುತಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ, ಮುಂಬಯಿಯ ಮಳೆ ಗಾಳಿಯಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು, ನಮ್ಮ ಊರಿನಲ್ಲೇ ಮೂರು ದಶಕ ಬಾಳಿದ ಒಬ್ಬ ಕಲಾವಿದರ ಕತೆಯನ್ನು ಮುಂದಿಟ್ಟುಕೊಂಡು ಹೇಳುವುದು ಈ ಲೇಖನದ ಉದ್ದೇಶ. ಅವರ ಹೆಸರು ಚಿತ್ತಪ್ರಸಾದ.

ಶಾಂಘೈಯಿಂದ ಮೇದಿನೀಪುರಕ್ಕೆ

ಕೊರೆದ ಹಲಗೆಯಿಂದ ಕಾಗದದ ಮೇಲೆ ಚಿತ್ರ ಒತ್ತುವ ವಿದ್ಯೆ ಏಷ್ಯಾ ಖಂಡದ್ದು. ಇಸವಿ ನಮೂದಾಗಿರುವ, ಇಡಿಯಾಗಿ ಉಳಿದ ಅತ್ಯಂತ ಹಳೆಯ ಅಚ್ಚಿನ ಪುಸ್ತಕವೆಂದರೆ ಚೀನದ ‘ವಜ್ರಸೂತ್ರ’, ಕ್ರಿ.ಶ. ೮೬೮ರದು. ಅದರ ಮೊದಲಲ್ಲಿ ಬುದ್ಧನ ಉಪದೇಶದ ಚಿತ್ರವಿದೆ. ದುನ್‌ಹುವಾಂಗ್‌ನ ಗುಹೆಯೊಂದರಲ್ಲಿ ಶತಮಾನಗಳ ಕಾಲ ಮುಚ್ಚಿಹೋಗಿದ್ದು, ೧೯೦೦ರಲ್ಲಿ ಗುಹೆ ತೆರೆದ ಮೇಲೆ ಬೆಳಕಿಗೆ ಬಂತು. ಒಣ ಗಾಳಿ, ಕತ್ತಲೆ, ಮನುಷ್ಯರ ಕೈ ತಾಗದಿರುವಿಕೆ—ಈ ಮೂರು ಕೂಡಿದರೆ ಕಾಗದ ಸಾವಿರ ವರ್ಷ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಚೀನದಲ್ಲಿ ಹುಟ್ಟಿದ ಈ ವಿದ್ಯೆ ಜಪಾನಿನಲ್ಲಿ ಬೆಳೆಯಿತು. ಅದು ಹೊಸ ರೂಪದಲ್ಲಿ ಚೀನಕ್ಕೆ ಮರಳಿದ್ದು ೧೯೩೧ರ ಆಗಸ್ಟಿನಲ್ಲಿ. ಸಾಹಿತಿ ಲು ಶುನ್ ಶಾಂಘೈಯಲ್ಲಿ ಹದಿಮೂರು ಮಂದಿ ತರುಣರನ್ನು ಸೇರಿಸಿ ಆರು ದಿನಗಳ ಒಂದು ತರಗತಿ ನಡೆಸಿದರು. ಕಲಿಸಿದವರು ಜಪಾನಿನ ಉಚಿಯಾಮ ಕಾಕಿಚಿ; ಭಾಷಾಂತರ ಮಾಡಿದವರು ಸ್ವತಃ ಲು ಶುನ್. ಯುದ್ಧ, ಹಸಿವು, ದೌರ್ಜನ್ಯಗಳನ್ನು ಓದು ಬಾರದವರಿಗೂ ತಿಳಿಸಲು ಮರದಚ್ಚಿನ ಚಿತ್ರದಂತಹ ಸಾಧನ ಬೇರೊಂದಿಲ್ಲವೆಂದು ಅವರು ನಂಬಿದ್ದರು. ಒಂದು ಉಳಿ, ಒಂದು ಹಲಗೆ, ಒಂದಿಷ್ಟು ಮಸಿ ಇದ್ದರೆ ಸಾಕು. ಜರ್ಮನಿಯ ಕೇಥೆ ಕೋಲ್ವಿಟ್ಸ್ ಎಂಬ ಕಲಾವಿದೆಯ ಅಚ್ಚುಚಿತ್ರಗಳ ಸಂಗ್ರಹವೊಂದನ್ನು ತಮ್ಮ ಕೊನೆಯ ವರ್ಷವಾದ ೧೯೩೬ರಲ್ಲಿ ಅವರೇ ಪ್ರಕಟಿಸಿದರು. ಚೀನದ ಈ ಕಪ್ಪು ಬಿಳುಪು ಚಿತ್ರಗಳು, ಕೋಲ್ವಿಟ್ಸ್‌ಳ ದುಃಖಿತ ತಾಯಂದಿರು, ಮುಂದೆ ಬಂಗಾಳದ ತರುಣ ಕಲಾವಿದರ ಕೈಗೂ ಬಂದರು.

ಆ ತರುಣರಲ್ಲೊಬ್ಬರು ಚಿತ್ತಪ್ರಸಾದ ಭಟ್ಟಾಚಾರ್ಯ. ಹುಟ್ಟಿದ್ದು ೧೯೧೫ರಲ್ಲಿ, ಬಂಗಾಳದ ನೈಹಾಟಿಯಲ್ಲಿ, ಓದಿದ್ದು ಚಿತ್ತಗಾಂಗ್‌ನಲ್ಲಿ. ಕಲಾಶಾಲೆಯ ಪದವಿ ಅವರಿಗಿರಲಿಲ್ಲ. ಜಾತಿಸೂಚಕವೆಂದು ಅಡ್ಡಹೆಸರನ್ನೂ ಬಿಟ್ಟರು. ಕಮ್ಯುನಿಸ್ಟ್ ಪಕ್ಷದ ಕೆಲಸಕ್ಕೆ ಸೇರಿ, ಭಿತ್ತಿಪತ್ರಗಳನ್ನು ಬರೆಯುತ್ತ ಹಳ್ಳಿಹಳ್ಳಿ ಸುತ್ತಿದರು.

೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಸರಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೇದಿನೀಪುರ ಜಿಲ್ಲೆಗೆ ಭೀಕರ ಚಂಡಮಾರುತ ಬಡಿಯಿತು. ೧೯೪೩ರ ಬರದಲ್ಲಿ ಬಂಗಾಳ ಪ್ರಾಂತದಲ್ಲಿ ಸತ್ತವರ ಸಂಖ್ಯೆ ಸುಮಾರು ೩೦ ಲಕ್ಷವೆಂದು ಅಂದಾಜು. ಆ ವರ್ಷದ ನವೆಂಬರಿನಲ್ಲಿ ಚಿತ್ತಪ್ರಸಾದರು ಮೇದಿನೀಪುರವನ್ನು ಸುತ್ತಿ, ಕಂಡಿದ್ದನ್ನು ಮಸಿಯಲ್ಲಿ ಬರೆದರು. ಎಲುಬಿನ ಗೂಡಾದ ಮನುಷ್ಯರನ್ನು ಬರೆದು, ಬದಿಯಲ್ಲಿ ಅವರ ಹೆಸರು, ಊರುಗಳನ್ನೂ ಗುರುತು ಹಾಕಿಕೊಂಡರು. ಸತ್ತವರು ಬರಿಯ ಅಂಕಿ ಅಲ್ಲ, ಒಬ್ಬೊಬ್ಬರೂ ಒಬ್ಬೊಬ್ಬ ಮನುಷ್ಯರೆಂಬುದು ಅವರ ನಿಲುವು. ಚಿತ್ತಗಾಂಗ್ ಕಡೆಯವರೇ ಆದ ಸೋಮನಾಥ ಹೋರ್ ಅವರಿಗೆ ಬರಗಾಲದ ಸಂತ್ರಸ್ತರನ್ನು ಕಣ್ಣಾರೆ ಕಂಡು ಬರೆಯುವುದನ್ನು ಹಿಡಿಸಿದವರೂ ಇವರೇ.

ಈ ಚಿತ್ರಗಳೂ ಪ್ರವಾಸದ ವರದಿಯೂ ಸೇರಿ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಿಕೆಯಾಗಿ ಮುಂಬಯಿಯಲ್ಲಿ ಅಚ್ಚಾಯಿತು. ಐದು ಸಾವಿರ ಪ್ರತಿಗಳನ್ನು ಬ್ರಿಟಿಷ್ ಸರಕಾರ ಜಪ್ತಿ ಮಾಡಿ ಸುಟ್ಟುಹಾಕಿತು. ಕುಟುಂಬದವರು ಬ್ಯಾಂಕಿನ ತಿಜೋರಿಯಲ್ಲಿಟ್ಟು ಕಾಪಾಡಿದ ಒಂದು ಪ್ರತಿ ಮಾತ್ರ ಉಳಿಯಿತು. ಅದನ್ನೇ ಆಧರಿಸಿ ದೆಹಲಿಯ ಕಲಾಗ್ಯಾಲರಿಯೊಂದು ೨೦೧೧ರಲ್ಲಿ ಪುಸ್ತಿಕೆಯನ್ನು ಯಥಾವತ್ತಾಗಿ ಮರುಮುದ್ರಿಸಿತು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿದ ಒಂದು ತಾಳೆಗರಿ ಕಟ್ಟಿನಿಂದ ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಮರಳಿ ದೊರೆತ ಕತೆ ಕನ್ನಡಿಗರಿಗೆ ಗೊತ್ತಿದ್ದದ್ದೇ. ಸಾವಿರಾರು ಪ್ರತಿಗಳಿದ್ದವೆಂಬ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ; ಯಾರೋ ಒಬ್ಬರು ಒಂದು ಪ್ರತಿಯನ್ನು ಜೋಪಾನ ಮಾಡಿದ್ದರಿಂದ ಉಳಿಯುತ್ತದೆ.

ಅಂಧೇರಿಯ ಕೋಣೆ

೧೯೪೬ರಲ್ಲಿ ಚಿತ್ತಪ್ರಸಾದರು ಮುಂಬಯಿಯಲ್ಲಿ ನೆಲೆನಿಂತರು. ಅಂಧೇರಿಯ ಒಂದು ಸಣ್ಣ ಕೋಣೆಯೇ ಮನೆ, ಅದೇ ಕಾರ್ಯಶಾಲೆ. ಒಂದೆರಡು ವರ್ಷಗಳಲ್ಲಿ ಪಕ್ಷದಿಂದ ದೂರ ಸರಿದರು. ಮುಂದಿನ ಮೂವತ್ತು ವರ್ಷ ಬಡತನದಲ್ಲೇ ಕಳೆದವು. ಬೊಂಬೆಯಾಟದ ಗೀಳು ಹಚ್ಚಿಕೊಂಡು ಸುತ್ತಲಿನ ಮಕ್ಕಳಿಗೆ ಆಟ ತೋರಿಸುತ್ತಿದ್ದರು. ಅವರ ಕೆಲಸವನ್ನು ಹೆಚ್ಚು ಮೆಚ್ಚಿಕೊಂಡವರು ದೂರದ ಚೆಕೊಸ್ಲೊವಾಕಿಯಾದವರು. ಪ್ರಾಗ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿ ಅವರ ಕೃತಿಗಳಿವೆ. ೧೯೭೮ರಲ್ಲಿ ಕಲಕತ್ತೆಯಲ್ಲಿ ತೀರಿಕೊಂಡರು.

ಮುಂಬಯಿಯ ವರ್ಷಗಳಲ್ಲಿ ಅವರು ಹೆಚ್ಚಾಗಿ ಹಿಡಿದದ್ದು ಲಿನೋ ಅಚ್ಚನ್ನು. ಲಿನೋಲಿಯಂ ಎಂದರೆ ನೆಲಕ್ಕೆ ಹಾಸುವ ಹಾಳೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ೧೮೬೦ರ ಸುಮಾರಿಗೆ ಕಂಡುಹಿಡಿದದ್ದು. ಅಗಸೆ ಎಣ್ಣೆಯನ್ನು ಗಾಳಿಯ ಆಮ್ಲಜನಕದೊಡನೆ ಗಟ್ಟಿಗೊಳಿಸಿ, ಬೆಂಡಿನ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಬಳಿದು ಮಾಡುತ್ತಾರೆ. ಅಗ್ಗ, ಮರದಂತೆ ಎಳೆಯಿಲ್ಲ, ಉಳಿ ಎತ್ತ ಬೇಕಾದರೂ ಹರಿಯುತ್ತದೆ. ಬಿಸಿಲಿಗಿಟ್ಟರೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಕೊರೆದ ಭಾಗ ಬಿಳಿಯಾಗಿ ಉಳಿಯುತ್ತದೆ, ಕೊರೆಯದ ಭಾಗ ಕಪ್ಪಾಗಿ ಬೀಳುತ್ತದೆ. ಅಚ್ಚಿನ ಯಂತ್ರವಿಲ್ಲದಿದ್ದರೂ ಕಾಗದವನ್ನು ಮೇಲಿಟ್ಟು ಚಮಚದ ಬೆನ್ನಿನಿಂದ ತಿಕ್ಕಿದರೆ ಸಾಕು. ಒಂದು ಕೋಣೆಯ ಬಾಳಿಗೆ ಹೇಳಿ ಮಾಡಿಸಿದ ವಿದ್ಯೆ.

ಹೀಗೆ ಕೊರೆದವುಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತ ಒಂದು ಮಾಲೆಯಿದೆ. ‘ಏಂಜಲ್ಸ್ ವಿದೌಟ್ ಫೇರಿಟೇಲ್ಸ್’, ಅಂದರೆ ಅಜ್ಜಿಕತೆ ಕೇಳದ ದೇವಕುವರರು, ಎಂಬ ಹೆಸರಿನಲ್ಲಿ ಅದನ್ನು ಯುನಿಸೆಫ್‌ನ ಡೆನ್ಮಾರ್ಕ್ ಸಮಿತಿ ೧೯೬೯ರಲ್ಲಿ ಪುಸ್ತಕವಾಗಿ ಹೊರತಂದಿತು. ಆಡುವ ವಯಸ್ಸಿನಲ್ಲಿ ದುಡಿಮೆಗೆ ಬಿದ್ದ ಮಕ್ಕಳೇ ಅದರ ವಸ್ತು.

ಮುಂಬಯಿ ಕನ್ನಡಿಗರಿಗೆ ಈ ವಸ್ತು ಹೊರಗಿನದಲ್ಲ. ಅದೇ ದಶಕಗಳಲ್ಲಿ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹಡಗು ಹತ್ತಿ, ಬಸ್ಸು ಹತ್ತಿ ಈ ಊರಿಗೆ ಬಂದರು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರಸಿ, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಅವರಲ್ಲಿ ಕೆಲವರು ಹೋಟೆಲಿನ ಮಾಲಿಕರಾದರು, ಕೆಲವರು ವಕೀಲರಾದರು, ನಮ್ಮಂತೆ ಸರಕಾರಿ ಕಚೇರಿಯ ಮೇಜು ಸೇರಿದವರೂ ಉಂಟು. ಅವರ ಬಾಲ್ಯದ ಫೋಟೋಗಳು ಬಹುತೇಕ ಇಲ್ಲ, ತೆಗೆಸಲು ಹಣವಿದ್ದವರಾರು? ಅಂತಹ ಮಕ್ಕಳನ್ನು ಗಮನಿಸಿ, ಚಿತ್ರಕ್ಕೆ ಯೋಗ್ಯರೆಂದು ಭಾವಿಸಿ ಲಿನೋದಲ್ಲಿ ಕೊರೆದ ಕಲಾವಿದನೊಬ್ಬ ಇದೇ ಊರಿನಲ್ಲಿದ್ದ ಎಂಬುದು ನಮಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಬೆಲೆ ಕಟ್ಟುವ ಬಗೆ

ಈಚಿನ ವರ್ಷಗಳಲ್ಲಿ ಇಂತಹ ಅಚ್ಚುಗಳು ಹರಾಜು ಮನೆಗಳಿಗೆ ಬಂದಿವೆ. ಬೆಲೆ ಬಂದಲ್ಲಿ ಖೋಟಾ ಮಾಲೂ ಬರುತ್ತದೆ. ರೂಪಾಯಿಯಲ್ಲಿ ಬೆಲೆ ಹೇಳುವುದು ಪರಿಣತರ ಕೆಲಸ. ಆದರೆ ಪರಿಣತರ ಬಳಿಗೆ ಹೋಗುವ ಮೊದಲು ನಾವೇ ನೋಡಿಕೊಳ್ಳಬಹುದಾದ ಅಂಶಗಳು ಕೆಲವಿವೆ.

ಮೊದಲನೆಯದು, ಅದು ಕಲಾವಿದನ ಅಚ್ಚೋ, ಪುಸ್ತಕದಿಂದ ಹರಿದ ಹಾಳೆಯೋ ಎಂಬುದು. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಹಿಡಿದು ನೋಡಬೇಕು. ಬೂದುಬಣ್ಣದ ಭಾಗ ಸಾಲುಸಾಲು ಚುಕ್ಕೆಗಳಾಗಿ ಒಡೆದು ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಪ್ರತಿಚಿತ್ರ. ಲಿನೋ ಅಚ್ಚಿನಲ್ಲಿ ಚುಕ್ಕೆಗಳಿರುವುದಿಲ್ಲ. ಕಪ್ಪು ಕಪ್ಪಾಗಿಯೇ ಇರುತ್ತದೆ, ಅಂಚಿನಲ್ಲಿ ಮಸಿ ತುಸು ದಪ್ಪಗೆ ಒತ್ತಿ ನಿಂತಿರುತ್ತದೆ. ಹಾಳೆಯ ಬೆನ್ನು ತಿರುಗಿಸಿದರೆ ಒತ್ತಿದ ಗುರುತು, ಚಮಚ ತಿಕ್ಕಿದ ಹೊಳಪು ಅನೇಕ ವೇಳೆ ಕಾಣುತ್ತದೆ. ತಾಮ್ರದ ತಗಡಿನ ಎಚಿಂಗ್ ಆದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದದೊಳಕ್ಕೆ ಅದುಮಿದ ಚೌಕ ಬೆರಳಿಗೆ ತಾಗುತ್ತದೆ.

ಎರಡನೆಯದು, ಕೆಳಗಿನ ಅಂಚಿನ ಪೆನ್ಸಿಲ್ ಬರಹ. ರೂಢಿಯಂತೆ ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. ೭/೫೦ ಎಂದಿದ್ದರೆ ಐವತ್ತು ಹಾಳೆಗಳಲ್ಲಿ ಏಳನೆಯದೆಂದು ಅರ್ಥ. ‘ಎ.ಪಿ.’ ಎಂದಿದ್ದರೆ ಕಲಾವಿದ ತನಗಾಗಿ ತೆಗೆದಿಟ್ಟುಕೊಂಡ ಪ್ರತಿ. ಪೆನ್ಸಿಲ್ಲನ್ನೇ ಏಕೆ ಬಳಸುತ್ತಾರೆಂದರೆ ಅದರ ಸೀಸ ವಾಸ್ತವವಾಗಿ ಇಂಗಾಲ. ಬೆಳಕಿಗೆ ಮಾಸದು, ನೀರಿಗೆ ಹರಡದು. ಆದರೆ ಸಂಖ್ಯೆಯಿಲ್ಲವೆಂದ ಮಾತ್ರಕ್ಕೆ ಅಚ್ಚು ಸುಳ್ಳೆನ್ನಲಾಗದು. ಚಳವಳಿಯ ಕಾಲದಲ್ಲಿ, ಜನರಿಗೆ ಹಂಚಲೆಂದೇ ತೆಗೆದ ಅಚ್ಚುಗಳಿಗೆ ಲೆಕ್ಕ ಇಡುವ ಪದ್ಧತಿ ಇರಲಿಲ್ಲ. ಕಡಿಮೆ ಸಂಖ್ಯೆ ಇದ್ದಷ್ಟೂ ಬೆಲೆ ಹೆಚ್ಚು ಎಂಬುದು ಪೇಟೆಯ ಲೆಕ್ಕ. ಹೆಚ್ಚು ಜನಕ್ಕೆ ತಲುಪಬೇಕು ಎಂಬುದು ಆ ಕಲಾವಿದರ ಲೆಕ್ಕ.

ಮೂರನೆಯದು, ಒತ್ತಿದ ಕಾಲ. ಕಲಾವಿದ ತೀರಿಕೊಂಡ ಮೇಲೂ ಹಲಗೆ ಉಳಿದಿದ್ದರೆ ಅದರಿಂದ ಮತ್ತೆ ಅಚ್ಚು ತೆಗೆಯಬಹುದು. ಅದು ಮೋಸವೆಂದಲ್ಲ, ಆದರೆ ಅದರ ಬೆಲೆ ಬೇರೆ. ಸವೆದ ಹಲಗೆಯ ಗೆರೆಗಳು ಮೊಂಡಾಗಿರುತ್ತವೆ. ಲಿನೋ ಹಳೆಯದಾದಂತೆ ಒಣಗಿ ಬಿರಿಯುವುದರಿಂದ ಕಪ್ಪಿನಲ್ಲಿ ಕೂದಲೆಳೆಯ ಬಿಳಿ ಬಿರುಕುಗಳೂ ಬೀಳಬಹುದು. ಕಾಗದ ಹೊಸದಾಗಿ ಬೆಳ್ಳಗಿದ್ದು, ಮಸಿ ಮಾತ್ರ ಐವತ್ತರ ದಶಕದ್ದೆಂದು ಹೇಳಿದರೆ ಅನುಮಾನಿಸುವುದು ನ್ಯಾಯ.

ನಾಲ್ಕನೆಯದು, ಆ ಹಾಳೆ ಮನೆಗೆ ಹೇಗೆ ಬಂತೆಂಬ ವಿವರ. ಯಾರಿಂದ, ಯಾವ ವರ್ಷ, ಯಾವ ಪ್ರದರ್ಶನದಲ್ಲಿ, ಎಷ್ಟು ಕೊಟ್ಟು? ಒಂದು ರಸೀದಿ, ಒಂದು ಕಾಗದ, ಹಿಂದಿನ ಹಲಗೆಯ ಮೇಲಿನ ಒಂದು ಸಾಲು—ಇವುಗಳಿಗೆ ಸಹಿಯಷ್ಟೇ ತೂಕವಿದೆ. ಕಡತದಲ್ಲಿ ಹಿಂದಿನ ಪತ್ರದ ಸಂಖ್ಯೆ ಇಲ್ಲದಿದ್ದರೆ ಮುಂದಿನ ಟಿಪ್ಪಣಿ ಬರೆಯಲಾಗದು ಎಂಬುದು ನಮ್ಮ ವೃತ್ತಿಯವರಿಗೆ ಗೊತ್ತು.

ಕಳೆದ ವರ್ಷ ನಮ್ಮ ಬಳಗದ ಕುಟುಂಬವೊಂದು ಹಳೆಯ ಕಟ್ಟಡ ಬಿಟ್ಟು ಹೊಸ ಮನೆಗೆ ಹೋಗುವಾಗ, ಮದುವೆಯ ಫೋಟೋಗಳ ಹಿಂದೆ ಒಂದು ಕಪ್ಪು ಬಿಳುಪು ಚಿತ್ರ ಸಿಕ್ಕಿತು: ಕುಳಿತ ಹೆಂಗಸು, ಮಡಿಲಲ್ಲಿ ಮಗು. ಮನೆಯ ಹಿರಿಯರು ಹುಡುಗನಾಗಿ ಹೋಟೆಲಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಮುಂದೆ ಕಾರ್ಮಿಕ ಸಂಘದ ಕೆಲಸ ಮಾಡಿದವರು, ಈಗಿಲ್ಲ. ಚಿತ್ರವನ್ನು ನೋಡಲು ನಮ್ಮನ್ನು ಕರೆದರು. ಭೂತಗನ್ನಡಿಯಲ್ಲಿ ಚುಕ್ಕೆಗಳಿರಲಿಲ್ಲ; ಬೆನ್ನಿನಲ್ಲಿ ತಿಕ್ಕಿದ ಹೊಳಪಿತ್ತು. ಕೈಯಿಂದ ತೆಗೆದ ಲಿನೋ ಅಚ್ಚು ಎನ್ನಲು ಅಡ್ಡಿಯಿರಲಿಲ್ಲ. ಆದರೆ ಕೆಳಗಿನ ಅಂಚೇ ಇರಲಿಲ್ಲ. ಚೌಕಟ್ಟು ಹಾಕಿದವನು ತನ್ನಲ್ಲಿದ್ದ ಅಳತೆಗೆ ಕೂರಿಸಲು ಹಾಳೆಯನ್ನು ನಾಲ್ಕೂ ಕಡೆ ಕತ್ತರಿಸಿದ್ದ. ಸಹಿ ಇತ್ತೋ, ಸಂಖ್ಯೆ ಇತ್ತೋ, ಎಲ್ಲ ಆ ಕತ್ತರಿಯ ಪಾಲು. ಹಿರಿಯರು ಅದನ್ನು ಎಲ್ಲಿಂದ ತಂದರೆಂದು ಮಕ್ಕಳಿಗೂ ಗೊತ್ತಿರಲಿಲ್ಲ. ಕೇಳಬಹುದಾಗಿದ್ದ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ಮೊಮ್ಮಗ “ಎಷ್ಟು ಸಿಗಬಹುದು?” ಎಂದ. ಇದು ಇಂತಹವರದೇ ಎಂದು ಹೇಳಲು ಆಧಾರವಿಲ್ಲ, ಆದರೆ ಇದು ನಿಮ್ಮ ಅಜ್ಜ ತಮ್ಮ ಸಂಬಳದಲ್ಲಿ ಜಾಗ ಮಾಡಿಕೊಟ್ಟ ಚಿತ್ರ, ರದ್ದಿಗೆ ಹಾಕಬೇಡಿ ಎಂದೆವು. ಅಷ್ಟೇ ನಮ್ಮಿಂದಾದದ್ದು.

ಇಲ್ಲೇ ಒಂದು ಕಾನೂನಿನ ಮಾತು. ಹಾಳೆ ನಮ್ಮದಾದರೂ ಚಿತ್ರವನ್ನು ಮತ್ತೆ ಅಚ್ಚು ಹಾಕುವ ಹಕ್ಕು ನಮ್ಮದಲ್ಲ. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ ೬೦ ವರ್ಷ ಕೃತಿಸ್ವಾಮ್ಯ ಇರುತ್ತದೆ. ಚಿತ್ತಪ್ರಸಾದರ ಕೃತಿಗಳಿಗೆ ಅದು ೨೦೩೮ರ ಕೊನೆಯವರೆಗೆ. ಸಂಘದ ಸಂಚಿಕೆಗಳಿಗೆ ಮುಖಚಿತ್ರ ಆರಿಸುವವರು ಇದನ್ನು ನೆನಪಿನಲ್ಲಿಡಬೇಕು.

ಕಾಗದದ ಕಾಯಿಲೆಗಳು

ನಮ್ಮಂತಹ ಗುಮಾಸ್ತರಿಗೆ ದಿನವೂ ಕಾಣುವ ಒಂದು ವಿಚಿತ್ರವಿದೆ. ನೂರೈವತ್ತು ವರ್ಷದ ಹಿಂದಿನ ರಿಜಿಸ್ಟರಿನ ಹಾಳೆ ಇನ್ನೂ ಬೆಳ್ಳಗೆ, ಬಟ್ಟೆಯಂತೆ ಮೃದುವಾಗಿರುತ್ತದೆ. ೧೯೬೫ರ ಕಡತದ ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಕಾರಣ ರಸಾಯನಶಾಸ್ತ್ರದ್ದು. ಹಳೆಯ ಕಾಗದ ಹತ್ತಿ, ನಾರುಬಟ್ಟೆಗಳ ಚಿಂದಿಯಿಂದ ಆದದ್ದು; ಅದರಲ್ಲಿರುವುದು ಬಹುಪಾಲು ಶುದ್ಧ ಸೆಲ್ಯುಲೋಸ್. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅರೆದ ಮರದಲ್ಲಿ ಲಿಗ್ನಿನ್ ಎಂಬ ಪದಾರ್ಥ ಉಳಿಯುತ್ತದೆ. ಬೆಳಕು, ಗಾಳಿ ತಾಗಿದಾಗ ಅದು ಹಳದಿಯಾಗುತ್ತದೆ. ಇದರ ಮೇಲೆ, ಮಸಿ ಹರಡದಿರಲೆಂದು ರಾಳ ಮತ್ತು ಪಟಿಕವನ್ನು ಬೆರೆಸುವ ಪದ್ಧತಿ. ಜರ್ಮನಿಯ ಮೋರಿಟ್ಸ್ ಇಲ್ಲಿಗ್ ೧೮೦೭ರಲ್ಲಿ ಪ್ರಕಟಿಸಿದ ವಿಧಾನವಿದು. ಪಟಿಕದ ಅಲ್ಯೂಮಿನಿಯಂ ಸಲ್ಫೇಟು ತೇವದೊಡನೆ ಸೇರಿ ಆಮ್ಲವನ್ನು ಕೊಡುತ್ತದೆ. ಸೆಲ್ಯುಲೋಸ್ ಎಂಬುದು ಗ್ಲೂಕೋಸಿನ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ; ಆಮ್ಲ ಆ ಸರವನ್ನು ಅಲ್ಲಲ್ಲಿ ಕಡಿಯುತ್ತದೆ. ಸರ ಗಿಡ್ಡವಾದಂತೆ ಕಾಗದ ಪುಡಿಯಾಗುತ್ತದೆ.

ಬಡ ಕಲಾವಿದರು ಕೈಗೆ ಸಿಕ್ಕ ಕಾಗದವನ್ನೇ ಬಳಸಿದರು. ಆದ್ದರಿಂದ ಅವರ ಕಪ್ಪು ಮಸಿಗಿಂತ ಅವರ ಕಾಗದಕ್ಕೆ ನಮ್ಮ ಆರೈಕೆ ಬೇಕು. ಮಸಿಯ ಕಪ್ಪು ಇಂಗಾಲದ್ದು, ಅದು ಮಾಸುವುದಿಲ್ಲ. ಮಸಿಯಲ್ಲಿ ಎಣ್ಣೆ ಹೆಚ್ಚಾಗಿದ್ದರೆ ಮಾತ್ರ ಗೆರೆಗಳ ಸುತ್ತ ಹಳದಿ ನೆರಳು ಕಾಣುತ್ತದೆ.

ಆಮ್ಲದ ಇನ್ನೊಂದು ಕೆಟ್ಟ ಗುಣವೆಂದರೆ ಅದು ಅಂಟುರೋಗದಂತೆ ಹರಡುವುದು. ಪೇಟೆಯ ಚೌಕಟ್ಟಿನಲ್ಲಿ ಚಿತ್ರದ ಹಿಂದೆ ಹಾರ್ಡ್‌ಬೋರ್ಡ್, ಪ್ಲೈವುಡ್, ಇಲ್ಲವೇ ಬೂದು ರಟ್ಟು ಇಟ್ಟಿರುತ್ತಾರೆ. ಇವುಗಳ ಆಮ್ಲ ಚಿತ್ರದ ಹಾಳೆಗೆ ಇಳಿದು ಕಂದು ಪಟ್ಟೆ ಮೂಡಿಸುತ್ತದೆ. ಇಂದು ಕಲಾಸಾಮಗ್ರಿಯ ಅಂಗಡಿಗಳಲ್ಲಿ ಆಮ್ಲರಹಿತ ರಟ್ಟು ಸಿಗುತ್ತದೆ. ಚಿತ್ರದ ಹಿಂದೆ ಮುಂದೆ ಅದನ್ನೇ ಹಾಕಿಸಬೇಕು. ಅಂಗಡಿಯವನ ಮಾತು ನಂಬಿಕೆಯಾಗದಿದ್ದರೆ ರಟ್ಟಿನ ಒಂದು ಚೂರನ್ನು ಶುದ್ಧ ನೀರಿನಲ್ಲಿ ನೆನೆಸಿ, ಶಾಲೆಯ ಪ್ರಯೋಗಶಾಲೆಯ ಪಿ.ಎಚ್. ಕಾಗದ ಅದ್ದಿ ನೋಡಬಹುದು. ೭ ಅಥವಾ ತುಸು ಮೇಲಿರಬೇಕು. ಪರೀಕ್ಷೆ ರಟ್ಟಿಗೆ ಮಾತ್ರ, ಚಿತ್ರಕ್ಕಲ್ಲ.

ಚಿತ್ರವನ್ನು ರಟ್ಟಿಗೆ ಪೂರ್ತಿ ಅಂಟಿಸಬಾರದು, ಸೆಲೋಟೇಪು ಸೋಕಿಸಲೇಬಾರದು. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಾಗದದೊಳಗೆ ಇಳಿದು ಎಣ್ಣೆಯ ಕಲೆಯಾಗುತ್ತದೆ, ಮತ್ತೆ ತೆಗೆಯಲಾಗದು. ತೆಳ್ಳನೆಯ ಜಪಾನಿ ಕಾಗದದ ಎರಡು ತುಂಡುಗಳನ್ನು ಗೋಧಿಯ ಪಿಷ್ಟದ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಿ, ಹಾಳೆಯನ್ನು ತೂಗುಬಿಡುವುದು ಸಂಗ್ರಹಾಲಯದವರ ಪದ್ಧತಿ. ನೀರು ತಾಗಿಸಿದರೆ ಈ ಅಂಟು ಬಿಡುತ್ತದೆ. ನಾಳೆ ಬಿಚ್ಚಲಾಗದ ಯಾವ ರಿಪೇರಿಯನ್ನೂ ಇಂದು ಮಾಡಬಾರದು ಎಂಬುದೇ ಸಂರಕ್ಷಣೆಯ ಮೂಲಸೂತ್ರ. ಅಂಗಡಿಯಲ್ಲಿ ಚಿತ್ರಕ್ಕೆ ‘ಲ್ಯಾಮಿನೇಷನ್’ ಮಾಡಿಸುವುದು ಈ ಸೂತ್ರಕ್ಕೆ ನೇರ ವಿರೋಧ. ಅದು ಶವಕ್ಕೆ ಶೃಂಗಾರ ಮಾಡಿದಂತೆ.

ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ಕಿಟಕಿಯಂತೆ ಕತ್ತರಿಸಿದ ರಟ್ಟಿರಬೇಕು. ಸೋಮನಾಥ ಹೋರ್ ೧೯೭೧ರಿಂದ ಮಾಡಿದ ‘ಊಂಡ್ಸ್’ ಎಂಬ ಮಾಲೆಯಲ್ಲಿ ಬಿಳಿಯ ಕಾಗದದ ತಿರುಳೇ ಗಾಯದಂತೆ ಉಬ್ಬಿ ತಗ್ಗಿದೆ. ಅಂತಹ ಕೃತಿಯನ್ನು ಗಾಜಿನಡಿ ಅದುಮಿದರೆ ಚಿತ್ರವೇ ಅಳಿಸಿಹೋದಂತೆ. ಅಂಚನ್ನು ಕತ್ತರಿಸಬಾರದೆಂದು ಮತ್ತೆ ಹೇಳಬೇಕಿಲ್ಲವಷ್ಟೆ. ಚೌಕಟ್ಟು ಚಿತ್ರಕ್ಕೆ ಹೊಂದಬೇಕು, ಚಿತ್ರ ಚೌಕಟ್ಟಿಗಲ್ಲ.

ಬೆಳಕಿನ ಮಟ್ಟಿಗೆ, ಕಾಗದದ ಕೃತಿಗಳಿಗೆ ಸಂಗ್ರಹಾಲಯಗಳು ಇಟ್ಟುಕೊಂಡಿರುವ ಮಿತಿ ಸುಮಾರು ೫೦ ಲಕ್ಸ್; ನಮ್ಮ ಕಿಟಕಿಯ ಬಳಿಯ ಹಗಲು ಬೆಳಕು ಅದರ ಹತ್ತಾರು ಪಟ್ಟು. ಬಿಸಿಲು ಬೀಳದ ಒಳಗೋಡೆಯೇ ಸರಿಯಾದ ಜಾಗ. ಮಳೆಗಾಲದಲ್ಲಿ ಹೊರಗೋಡೆ ಬೆವರುತ್ತದೆ. ಗಾಳಿಯ ತೇವಾಂಶ ಶೇಕಡ ೮೦ ದಾಟುತ್ತದೆ. ಶೇಕಡ ೭೦ರಿಂದಾಚೆಗೆ ಬೂಷ್ಟು ಹಿಡಿಯಲು ತಡವಿಲ್ಲ. ಚೌಕಟ್ಟಿನ ಹಿಂದೆ ಬೆಂಡಿನ ಎರಡು ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಪೆಟ್ಟಿಗೆಯಲ್ಲಿಡುವುದಾದರೆ ಮಡಿಸದೆ, ಸುರುಳಿ ಸುತ್ತದೆ, ಆಮ್ಲರಹಿತ ಕಾಗದದ ನಡುವೆ ಮಟ್ಟಸವಾಗಿಡಬೇಕು. ವೃತ್ತಪತ್ರಿಕೆಯಲ್ಲಿ ಸುತ್ತಿಡುವುದು ಆಮ್ಲದಲ್ಲಿ ಅದ್ದಿಟ್ಟಂತೆ. ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ತಾಳೆಗರಿಗೆ ನಮ್ಮ ಹಿರಿಯರು ಮಜ್ಜಿಗೆಹುಲ್ಲಿನಂತಹ ಎಣ್ಣೆಗಳನ್ನು ಸವರುತ್ತಿದ್ದರೆಂದು ಕಾಗದಕ್ಕೂ ಸವರಲು ಹೋಗಬಾರದು.

೨೦೦೫ರ ಜುಲೈ ೨೬ನ್ನು ಈ ಊರಿನವರು ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿಯಿತು. ನೆಲಮಹಡಿಯ ಎಷ್ಟೋ ಮನೆಗಳಲ್ಲಿ ಸರ್ಟಿಫಿಕೇಟು, ಫೋಟೋ, ಪುಸ್ತಕ ಎಲ್ಲ ಮುದ್ದೆಯಾದವು. ಆದ್ದರಿಂದ ಕೆಳಗಿನ ಅರೆಯಲ್ಲಿ ಏನನ್ನೂ ಇಡಬಾರದು. ನೆನೆದರೆ ಬಿಸಿಲಿಗೆ ಹಾಕಬಾರದು, ಅಂಟಿಕೊಂಡ ಹಾಳೆಗಳನ್ನು ಬಲವಂತದಿಂದ ಬಿಡಿಸಬಾರದು. ಒತ್ತುಕಾಗದದ ಮೇಲೆ ಹರವಿ, ಫ್ಯಾನಿನ ಗಾಳಿ ಬಿಟ್ಟು, ಎರಡು ದಿನದೊಳಗೆ ಒಣಗಿಸಿಕೊಳ್ಳಬೇಕು. ಅಷ್ಟರಲ್ಲಿ ಬೂಷ್ಟು ಹುಟ್ಟುತ್ತದೆ.

ಇದಕ್ಕೂ ಮೀರಿದ ಕಾಯಿಲೆಗೆ ವೈದ್ಯರಿದ್ದಾರೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಕಲಾ ಸಂರಕ್ಷಣಾ ಕೇಂದ್ರವಿದೆ. ೧೯೭೬ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಸಂರಕ್ಷಣಾ ಪ್ರಯೋಗಾಲಯ ಮೈಸೂರಿನಲ್ಲೂ ಒಂದು ಪ್ರಾದೇಶಿಕ ಶಾಖೆಯನ್ನು ತೆರೆದಿದೆ. ಆಮ್ಲ ತೊಳೆಯುವುದು, ಕಲೆ ತೆಗೆಯುವುದು ಅಂತಹವರ ಕೆಲಸ. ಮನೆಯಲ್ಲಿ ಪ್ರಯೋಗ ಬೇಡ.

ಎಣ್ಣೆಬಣ್ಣದ ದೊಡ್ಡ ಚಿತ್ರಗಳನ್ನು ಕೊಂಡವರು ಶ್ರೀಮಂತರು. ಅವುಗಳಿಗೆ ಕಾವಲು, ವಿಮೆ, ತಂಪು ಕೋಣೆ ಎಲ್ಲ ಇವೆ. ಅಚ್ಚುಚಿತ್ರ ಹಾಗಲ್ಲ. ಅದು ಸಂಬಳದವರ ಮನೆಗೆ ಬರಲೆಂದೇ ಹುಟ್ಟಿದ್ದು. ಅದು ಉಳಿಯುವ ಹೊಣೆಯೂ ಸಂಬಳದವರದೇ. ಈಗ ಉಪನಗರಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ಬೀಳುತ್ತಿವೆ. ಹಳೆಯ ಮನೆಯ ಸಾಮಾನು ಹೊಸ ಮನೆಗೆ ಹೊಂದುವುದಿಲ್ಲವೆಂದು ಲಾರಿಗಟ್ಟಲೆ ರದ್ದಿಗೆ ಹೋಗುತ್ತಿದೆ. ನಮ್ಮ ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡಬಹುದೆಂಬುದು ನಮ್ಮ ಸೂಚನೆ. ಸದಸ್ಯರ ಮನೆಯಲ್ಲಿ ಇಂತಹ ಚಿತ್ರವಿದ್ದರೆ ಅದರ ಅಳತೆ, ವಿಷಯ, ಅಂಚಿನ ಬರಹ, ತಂದವರ ಹೆಸರು, ತಂದ ವರ್ಷ—ಐದೇ ಕಾಲಮುಗಳು. ಬೆಲೆಯ ಕಾಲಮು ಬೇಡ.

ಅಲ್ಲಿಯವರೆಗೆ ವಾಚಕರು ಒಂದು ಕೆಲಸ ಮಾಡಬಹುದು. ಈ ಭಾನುವಾರ ಗೋಡೆಯ ಚಿತ್ರಗಳನ್ನು ಇಳಿಸಿ ಬೆನ್ನು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಯಾವುದು ಎಲ್ಲಿಂದ ಬಂತೆಂದು ಕೇಳಿ. ಅವರು ಹೇಳಿದ್ದನ್ನು ಒಂದು ಒಳ್ಳೆಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಚೌಕಟ್ಟಿನ ಹಿಂದಿಡಿ.